ಟಿಸಿ, ಡಿಸಿ ಪರೀಕ್ಷೆಯ ವಿಮರ್ಶೆ: ಬಿಳಿ ರಕ್ತಕಣಗಳ ಗಣತಿಯನ್ನು ಎಷ್ಟು ನಂಬಬಹುದು?

ಜ್ವರವಿರಲಿ, ಶಸ್ತ್ರಚಿಕಿತ್ಸೆಗೆ ಮುನ್ನದ ತಪಾಸಣೆಯಿರಲಿ, ಕಾರಣ ತಿಳಿಯದ ಸುಸ್ತಿರಲಿ, ವೈದ್ಯರ ಚೀಟಿಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಸಂಪೂರ್ಣ ರಕ್ತ ಎಣಿಕೆ, ಅಂದರೆ ಸಿಬಿಸಿ. ಅದರ ವರದಿಯಲ್ಲಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್‌ಗಳ ಜೊತೆಗೆ ಬರುವ ಒಂದು ಭಾಗವನ್ನು ಪ್ರಯೋಗಾಲಯದವರು ಟಿಸಿ, ಡಿಸಿ ಎನ್ನುತ್ತಾರೆ. ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆ ಮೊದಲನೆಯದು, ಅವುಗಳ ಐದು ಬಗೆಗಳ ವಿಂಗಡಣೆ ಎರಡನೆಯದು. ಈ ವಿಮರ್ಶೆ ಆ ಭಾಗಕ್ಕೆ ಸೀಮಿತ. ಯಾವುದೋ ಒಂದು ಪ್ರಯೋಗಾಲಯದ ಗುಣದೋಷ ಇಲ್ಲಿನ ವಿಷಯವಲ್ಲ. ಎಲ್ಲೆಡೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ದೊರೆಯುವ ಈ ಸೇವೆಯು ದೇಹದ ರಕ್ಷಣಾ ವ್ಯವಸ್ಥೆಯ ಬಗ್ಗೆ ನಿಜವಾಗಿ ಏನನ್ನು ತಿಳಿಸುತ್ತದೆ, ಏನನ್ನು ತಿಳಿಸದೆಯೇ ತಿಳಿಸಿದ ಭಾವನೆ ಹುಟ್ಟಿಸುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತ ತೆಗೆದ ಆ ಗಳಿಗೆಯಲ್ಲಿ ರಕ್ತನಾಳದೊಳಗೆ ಸಂಚರಿಸುತ್ತಿದ್ದ ಕಣಗಳ ಗಣತಿಯಾಗಿ ಇದು ಅತ್ಯುತ್ತಮ ಪರೀಕ್ಷೆ. ಇಷ್ಟು ಬೇಗ, ಇಷ್ಟು ಕಡಿಮೆ ರಕ್ತದಲ್ಲಿ ಇಷ್ಟೊಂದು ಸುಳಿವು ಕೊಡುವ ಪರೀಕ್ಷೆಗಳು ವೈದ್ಯಕೀಯದಲ್ಲಿ ಹೆಚ್ಚಿಲ್ಲ. ಆದರೆ ರೋಗನಿರೋಧಕ ಶಕ್ತಿಯ ಅಳತೆಗೋಲೆಂದು ಭಾವಿಸಿ ಇದನ್ನು ಮಾಡಿಸಿಕೊಂಡವರಿಗೆ ಸಿಗುವುದು ಹುಸಿ ಧೈರ್ಯ ಅಥವಾ ಹುಸಿ ಆತಂಕ, ಎರಡರಲ್ಲಿ ಒಂದು. ಇನ್ನು ವರದಿಯನ್ನು ಮುದ್ರಿಸುವ ರೀತಿ, ಅಂದರೆ ಶೇಕಡಾವಾರು ಲೆಕ್ಕವನ್ನು ಮುಂದೆ ಮಾಡಿ ನಿಜವಾದ ಸಂಖ್ಯೆಯನ್ನು ಹಿಂದೆ ತಳ್ಳುವುದು ಅಥವಾ ಪೂರ್ತಿ ಬಿಟ್ಟೇಬಿಡುವುದು, ಈ ಸೇವೆಯ ಅತಿ ದೊಡ್ಡ ದೋಷ.

ಪರೀಕ್ಷೆಗೆ ಬೇಕಾಗುವುದು ಅಭಿಧಮನಿಯಿಂದ ತೆಗೆದ ಎರಡು, ಮೂರು ಮಿಲಿಲೀಟರ್ ರಕ್ತ. ಅದು ನೇರಳೆ ಮುಚ್ಚಳದ ಟ್ಯೂಬಿಗೆ ಹೋಗುತ್ತದೆ; ಅದರೊಳಗಿನ ಇಡಿಟಿಎ ಎಂಬ ರಾಸಾಯನಿಕವು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಹೆಪ್ಪುಗಟ್ಟುವಿಕೆಯನ್ನು ತಡೆಯುತ್ತದೆ. ಈ ಪರೀಕ್ಷೆಯೊಂದಕ್ಕಾಗಿಯೇ ಉಪವಾಸ ಇರಬೇಕಾಗಿಲ್ಲ. ಯಂತ್ರದ ಕೆಲಸ ಸುಲಭದ್ದಲ್ಲ, ಏಕೆಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಐವತ್ತು ಲಕ್ಷದ ಆಸುಪಾಸಿನಲ್ಲಿ ಕೆಂಪು ಕಣಗಳಿದ್ದರೆ ಬಿಳಿ ಕಣಗಳು ಇರುವುದು 4,000ದಿಂದ 11,000 ಮಾತ್ರ. ಒಂದು ಬಿಳಿ ಕಣವನ್ನು ಹುಡುಕಲು ಏಳುನೂರರಷ್ಟು ಕೆಂಪು ಕಣಗಳನ್ನು ದಾಟಬೇಕು. ಆದ್ದರಿಂದ ಯಂತ್ರವು ಮೊದಲು ಕೆಂಪು ಕಣಗಳನ್ನು ಒಡೆದುಹಾಕುವ ದ್ರಾವಣವನ್ನು ಸೇರಿಸಿ, ಉಳಿದ ಬಿಳಿ ಕಣಗಳನ್ನು ಒಂದೊಂದಾಗಿ ಕಿರಿದಾದ ದಾರಿಯಲ್ಲಿ ಹಾಯಿಸುತ್ತದೆ. ಕಣವೊಂದು ರಂಧ್ರವನ್ನು ದಾಟುವಾಗ ವಿದ್ಯುತ್ ಪ್ರವಾಹಕ್ಕೆ ಉಂಟಾಗುವ ತಡೆಯಿಂದ ಅದನ್ನು ಎಣಿಸುವ ಉಪಾಯಕ್ಕೆ ವಾಲೆಸ್ ಕೌಲ್ಟರ್ ಅವರು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1953ರಲ್ಲಿ. ಈಗಿನ ಯಂತ್ರಗಳು ಇದರ ಜೊತೆಗೆ ಲೇಸರ್ ಕಿರಣ ಹೇಗೆ ಚದುರುತ್ತದೆ, ಹೊಳೆಯುವ ಬಣ್ಣವನ್ನು ಕಣ ಎಷ್ಟು ಹೀರಿಕೊಳ್ಳುತ್ತದೆ ಎಂಬುದನ್ನೂ ನೋಡಿ ಕಣದ ಗಾತ್ರ, ಒಳಗಿನ ಹರಳುಗಳು, ನ್ಯೂಕ್ಲಿಯಸ್ಸಿನ ಸ್ವರೂಪವನ್ನು ಊಹಿಸುತ್ತವೆ. ಸಾವಿರಾರು ಕಣಗಳ ಮೇಲಿನ ಈ ತೀರ್ಮಾನಕ್ಕೆ ಒಂದೆರಡು ನಿಮಿಷ ಸಾಕು.

ವಿಂಗಡಣೆಯ ಮೂಲ ಮಾತ್ರ ಯಂತ್ರಕ್ಕಿಂತ ಬಹಳ ಹಳೆಯದು. 1870ರ ದಶಕದ ಕೊನೆಯಲ್ಲಿ ಜರ್ಮನಿಯ ಪಾಲ್ ಏರ್ಲಿಕ್ ಅವರು ಬಟ್ಟೆ ಉದ್ಯಮಕ್ಕೆಂದು ತಯಾರಾಗುತ್ತಿದ್ದ ಕೃತಕ ಬಣ್ಣಗಳನ್ನು ರಕ್ತದ ಲೇಪದ ಮೇಲೆ ಹಾಕಿ, ಕೆಲವು ಕಣಗಳ ಹರಳುಗಳು ಆಮ್ಲೀಯ ಬಣ್ಣವನ್ನೂ ಕೆಲವು ಪ್ರತ್ಯಾಮ್ಲೀಯ ಬಣ್ಣವನ್ನೂ ಹಿಡಿಯುತ್ತವೆ, ಇನ್ನು ಕೆಲವು ಎರಡಕ್ಕೂ ಗಾಢವಾಗಿ ಒಲಿಯುವುದಿಲ್ಲ ಎಂದು ತೋರಿಸಿದರು. ಇಂದಿಗೂ ವರದಿಯಲ್ಲಿ ಕಾಣುವ ಇಯೋಸಿನೋಫಿಲ್, ಬೇಸೋಫಿಲ್, ನ್ಯೂಟ್ರೋಫಿಲ್ ಎಂಬ ಮೂರು ಸಾಲುಗಳು ಅಲ್ಲಿಂದ ಬಂದವು. ಇದೇ ಕಾಲದಲ್ಲಿ, 1882ರಲ್ಲಿ, ಇಟಲಿಯ ಮೆಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ಅವರು ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅಲೆದಾಡುವ ಕಣಗಳು ಆ ಮುಳ್ಳನ್ನು ಮುತ್ತಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಒಬ್ಬರು ಕಣಗಳ ಬಣ್ಣವನ್ನು ನೋಡಿದರು, ಇನ್ನೊಬ್ಬರು ಅವುಗಳ ಕೆಲಸವನ್ನು. ರೋಗನಿರೋಧಕ ವ್ಯವಸ್ಥೆಯ ಕುರಿತ ಸಂಶೋಧನೆಗಳಿಗಾಗಿ 1908ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಆದರೆ ನಮ್ಮ ಕೈಗೆ ಬರುವ ವರದಿಯಲ್ಲಿ ಏರ್ಲಿಕ್ ಇದ್ದಾರೆ, ಮೆಚ್ನಿಕಾಫ್ ಇಲ್ಲ. ಕಣ ಯಾವ ಬಗೆಯದು ಎಂದು ಅದು ಹೇಳುತ್ತದೆ. ಆ ಕಣ ತನ್ನ ಕೆಲಸವನ್ನು ಮಾಡಬಲ್ಲದೇ ಎಂದು ಹೇಳುವುದಿಲ್ಲ. ನನ್ನ ಬಹುಪಾಲು ಆಕ್ಷೇಪಗಳು ಈ ಒಂದು ಕೊರತೆಯಿಂದ ಹುಟ್ಟಿದವು.

ವರದಿಯ ಮೊದಲ ಸಾಲು ನ್ಯೂಟ್ರೋಫಿಲ್. ವಯಸ್ಕರಲ್ಲಿ ಬಿಳಿ ಕಣಗಳ ಶೇಕಡಾ 40ರಿಂದ 75ರಷ್ಟು ಇವೇ. ನ್ಯೂಕ್ಲಿಯಸ್ ಎರಡರಿಂದ ಐದು ಎಸಳುಗಳಾಗಿ ಕವಲೊಡೆದಿರುವುದರಿಂದ ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದು ಸುಲಭ. ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಒಳನುಗ್ಗಿದ ಜಾಗಕ್ಕೆ ಮೊದಲು ಧಾವಿಸುವ ಕಣ ಇದು: ರಕ್ತನಾಳದ ಗೋಡೆಗೆ ಅಂಟಿ, ಅದರ ಮೇಲೆ ಉರುಳುತ್ತಾ ಸಾಗಿ, ಗೋಡೆಯ ಸಂದಿನಲ್ಲಿ ನುಸುಳಿ ಹೊರಬಂದು, ಸೂಕ್ಷ್ಮಾಣುವನ್ನು ನುಂಗಿ, ಆಮ್ಲಜನಕದಿಂದ ತಯಾರಿಸಿದ ತೀಕ್ಷ್ಣ ರಾಸಾಯನಿಕಗಳಿಂದಲೂ ತನ್ನ ಹರಳುಗಳಲ್ಲಿನ ಕಿಣ್ವಗಳಿಂದಲೂ ಅದನ್ನು ಕೊಲ್ಲುತ್ತದೆ. ಕೀವಿನಲ್ಲಿ ಕಾಣುವ ಹಸಿರು ಛಾಯೆ ಈ ಹರಳುಗಳಲ್ಲಿರುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವದ್ದು. ತನ್ನದೇ ಡಿಎನ್‌ಎಯನ್ನು ಬಲೆಯಂತೆ ಹೊರಗೆಸೆದು ಸೂಕ್ಷ್ಮಾಣುಗಳನ್ನು ಸಿಲುಕಿಸುವ ಇದರ ಇನ್ನೊಂದು ವಿಧಾನವನ್ನು ವಿಜ್ಞಾನಿಗಳು ವರದಿ ಮಾಡಿದ್ದು 2004ರಲ್ಲಷ್ಟೇ. ರಕ್ತದಲ್ಲಿ ಇದರ ಬಾಳು ಬಹಳ ಚಿಕ್ಕದು. ಬಹುಪಾಲು ಅಂದಾಜುಗಳ ಪ್ರಕಾರ ಒಂದು ದಿನದೊಳಗೆ ಅದು ರಕ್ತನಾಳವನ್ನು ಬಿಟ್ಟುಹೋಗುತ್ತದೆ. ಹಾಗಾಗಿ ಅಸ್ಥಿಮಜ್ಜೆಯು ಪ್ರತಿದಿನ ಹತ್ತು ಸಾವಿರ ಕೋಟಿಯಷ್ಟು ಹೊಸ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತಲೇ ಇರಬೇಕು.

ಈ ಸಾಲಿನಲ್ಲಿ ಪರೀಕ್ಷೆಯ ಶಕ್ತಿ ಮತ್ತು ದೌರ್ಬಲ್ಯ ಎರಡೂ ಒಟ್ಟಿಗೆ ಕಾಣುತ್ತವೆ. ಶಕ್ತಿಯೆಂದರೆ, ಬ್ಯಾಕ್ಟೀರಿಯಾ ಸೋಂಕು ತೀವ್ರವಾದಾಗ ಸಂಖ್ಯೆ ಗಂಟೆಗಳೊಳಗೆ ಏರುತ್ತದೆ, ಮಜ್ಜೆಯಿಂದ ಇನ್ನೂ ಪಕ್ವವಾಗದ ಬ್ಯಾಂಡ್ ಕಣಗಳು ಹೊರಬರುತ್ತವೆ, ಒಳ್ಳೆಯ ತಂತ್ರಜ್ಞರು ಅದನ್ನು ಲೇಪದಲ್ಲಿ ಗುರುತಿಸಿ ಬರೆಯುತ್ತಾರೆ. ಕೀಮೋಥೆರಪಿ ಪಡೆಯುತ್ತಿರುವವರಲ್ಲಂತೂ ಈ ಒಂದು ಸಂಖ್ಯೆ ಜೀವ ಉಳಿಸುತ್ತದೆ. ನ್ಯೂಟ್ರೋಫಿಲ್ ಎಣಿಕೆ 1,500ಕ್ಕಿಂತ ಕಡಿಮೆಯಾದರೆ ಕೊರತೆ, 500ಕ್ಕಿಂತ ಕಡಿಮೆಯಾದರೆ ಗಂಭೀರ ಕೊರತೆ. ಅಂಥವರಿಗೆ ಜ್ವರ ಬಂದರೆ ಬೇರೆ ಲಕ್ಷಣಗಳಿಗೆ ಕಾಯದೆ ತುರ್ತು ಚಿಕಿತ್ಸೆ ಆರಂಭಿಸಬೇಕಾಗುತ್ತದೆ, ಏಕೆಂದರೆ ನ್ಯೂಟ್ರೋಫಿಲ್‌ಗಳೇ ಇಲ್ಲದಿದ್ದಾಗ ಕೀವು, ಊತದಂಥ ಎಚ್ಚರಿಕೆಯ ಚಿಹ್ನೆಗಳೂ ಸರಿಯಾಗಿ ಮೂಡುವುದಿಲ್ಲ.

ದೌರ್ಬಲ್ಯ ಹೀಗಿದೆ. ರಕ್ತನಾಳದೊಳಗಿನ ನ್ಯೂಟ್ರೋಫಿಲ್‌ಗಳಲ್ಲಿ ಸುಮಾರು ಅರ್ಧದಷ್ಟು ಗೋಡೆಗೆ ಅಂಟಿಕೊಂಡೇ ಇರುತ್ತವೆ, ಸೂಜಿಗೆ ಸಿಗುವುದಿಲ್ಲ. ವೇಗವಾಗಿ ಓಡಿ ಬಂದವರಲ್ಲಿ, ಭಯಗೊಂಡವರಲ್ಲಿ, ನೋವಿನಲ್ಲಿರುವವರಲ್ಲಿ, ಸ್ಟಿರಾಯ್ಡ್ ಔಷಧ ತೆಗೆದುಕೊಳ್ಳುತ್ತಿರುವವರಲ್ಲಿ ಅವು ಗೋಡೆಯನ್ನು ಬಿಟ್ಟು ಪ್ರವಾಹಕ್ಕೆ ಇಳಿಯುವುದರಿಂದ ಯಾವ ಸೋಂಕೂ ಇಲ್ಲದೆ ಎಣಿಕೆ ಏರಬಹುದು. ಇದಕ್ಕಿಂತ ದೊಡ್ಡ ಮಾತೆಂದರೆ, ಎಣಿಕೆ ಸರಿಯಿದ್ದೂ ಕೆಲಸ ಕೆಟ್ಟಿರಬಹುದು. ಕ್ರಾನಿಕ್ ಗ್ರ್ಯಾನುಲೋಮಾಟಸ್ ಡಿಸೀಸ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ನ್ಯೂಟ್ರೋಫಿಲ್‌ಗಳು ಬೇಕಾದಷ್ಟು ಇರುತ್ತವೆ, ಸೂಕ್ಷ್ಮಾಣುವನ್ನು ನುಂಗುತ್ತವೆ, ಆದರೆ ಕೊಲ್ಲಲು ಬೇಕಾದ ಆಮ್ಲಜನಕದ ರಾಸಾಯನಿಕಗಳನ್ನು ತಯಾರಿಸುವ ಕಿಣ್ವ ಅವುಗಳಲ್ಲಿ ಕೆಲಸ ಮಾಡುವುದಿಲ್ಲ. ಮಗು ಮತ್ತೆ ಮತ್ತೆ ಕೀವುಗುಳ್ಳೆಗಳಿಂದ, ಶಿಲೀಂಧ್ರದ ಸೋಂಕಿನಿಂದ ನರಳುತ್ತಿದ್ದರೂ ಡಿಸಿ ವರದಿಯಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಇನ್ನೊಂದು ಕಾಯಿಲೆಯಲ್ಲಿ ನ್ಯೂಟ್ರೋಫಿಲ್‌ಗಳಿಗೆ ರಕ್ತನಾಳದ ಗೋಡೆಗೆ ಬಿಗಿಯಾಗಿ ಅಂಟಲು ಬೇಕಾದ ಪ್ರೋಟೀನೇ ಇರುವುದಿಲ್ಲ. ಹೊರಹೋಗಲಾರದೆ ಅವು ರಕ್ತದಲ್ಲೇ ಸುತ್ತುತ್ತಿರುವುದರಿಂದ ಎಣಿಕೆ ಆಕಾಶಕ್ಕೇರುತ್ತದೆ, ಅತ್ತ ಗಾಯದ ಜಾಗದಲ್ಲಿ ಒಂದು ಹನಿ ಕೀವೂ ಕಟ್ಟುವುದಿಲ್ಲ.

ಎರಡನೆಯ ಸಾಲು ಲಿಂಫೋಸೈಟ್, ಶೇಕಡಾ 20ರಿಂದ 40ರಷ್ಟು. ಇಡೀ ವರದಿಯಲ್ಲಿ ಅತಿ ಹೆಚ್ಚು ಮಾಹಿತಿಯನ್ನು ನುಂಗಿಹಾಕುವ ಸಾಲು ಇದೇ. ಸಣ್ಣ ಗಾತ್ರ, ದುಂಡನೆಯ ದಟ್ಟ ನ್ಯೂಕ್ಲಿಯಸ್, ಸುತ್ತ ತೆಳುವಾದ ನೀಲಿ ಅಂಚು. ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಬಣ್ಣದ ವಿಂಗಡಣೆ ಇವನ್ನೆಲ್ಲ ಒಂದೇ ಹೆಸರಿನಡಿ ತಳ್ಳುತ್ತದೆ. ಆದರೆ ಕೆಲಸದಲ್ಲಿ ಇವು ಒಂದಕ್ಕೊಂದು ಸಂಬಂಧವೇ ಇಲ್ಲವೇನೋ ಎನ್ನುವಷ್ಟು ಬೇರೆ. ಬಿ ಕಣಗಳು ಪಕ್ವವಾಗಿ ಪ್ಲಾಸ್ಮಾ ಕಣಗಳಾಗಿ ಪ್ರತಿಕಾಯಗಳನ್ನು ಸುರಿಸುತ್ತವೆ. ಟಿ ಕಣಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿದರೂ ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುತ್ತವೆ; ಆ ಗ್ರಂಥಿಗೆ ಇಂಥದೊಂದು ಕೆಲಸವಿದೆ ಎಂಬುದು ಜಾಕ್ ಮಿಲ್ಲರ್ ಅವರು 1961ರಲ್ಲಿ ಪ್ರಕಟಿಸಿದ ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿಯಿತು. ಟಿ ಕಣಗಳಲ್ಲೂ ಸಿಡಿ8 ಗುರುತಿನವು ವೈರಸ್ ಹೊಕ್ಕ ಜೀವಕೋಶಗಳನ್ನು ನೇರವಾಗಿ ಕೊಲ್ಲುತ್ತವೆ, ಸಿಡಿ4 ಗುರುತಿನವು ಬಿ ಕಣಗಳಿಗೂ ಸಿಡಿ8 ಕಣಗಳಿಗೂ ಸೂಕ್ಷ್ಮಾಣುಗಳನ್ನು ನುಂಗುವ ಮ್ಯಾಕ್ರೋಫೇಜ್‌ಗಳಿಗೂ ಸಂಕೇತ ಕೊಟ್ಟು ಇಡೀ ಕಾರ್ಯಾಚರಣೆಯನ್ನು ನಡೆಸುತ್ತವೆ. ಇವುಗಳಲ್ಲೇ ಒಂದು ಸಣ್ಣ ಗುಂಪು, ನಿಯಂತ್ರಕ ಟಿ ಕಣಗಳು, ಉಳಿದವು ನಮ್ಮ ದೇಹದ ಮೇಲೆಯೇ ಎರಗದಂತೆ ತಡೆಯುತ್ತವೆ. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೋನ್ ಸಕಗುಚಿ ಅವರಿಗೆ ಸಂದದ್ದು ಈ ಕಣಗಳಿಗೆ ಸಂಬಂಧಿಸಿದ ಕೆಲಸಕ್ಕೆ. ಮೊದಲೇ ಪರಿಚಯವಿಲ್ಲದ ಶತ್ರುವನ್ನೂ ಗುರುತಿಸಿ ಕೊಲ್ಲಬಲ್ಲ ಎನ್‌ಕೆ ಕಣಗಳು ಇನ್ನೊಂದು ಬಗೆ. ಇಷ್ಟೆಲ್ಲವೂ ವರದಿಯಲ್ಲಿ "ಲಿಂಫೋಸೈಟ್ ಶೇಕಡಾ 32" ಎಂಬ ಒಂದೇ ಸಾಲಾಗಿ ಬರುತ್ತದೆ.

ಎಚ್‌ಐವಿ ಸೋಂಕಿನ ಉದಾಹರಣೆ ಈ ಸಾಲಿನ ಬಡತನವನ್ನು ಚೆನ್ನಾಗಿ ತೋರಿಸುತ್ತದೆ. ಆ ವೈರಸ್ ನಾಶಮಾಡುವುದು ಮುಖ್ಯವಾಗಿ ಸಿಡಿ4 ಕಣಗಳನ್ನು. ಆರೋಗ್ಯವಂತ ವಯಸ್ಕರಲ್ಲಿ ಮೈಕ್ರೋಲೀಟರಿಗೆ 500ಕ್ಕಿಂತ ಹೆಚ್ಚಿರುವ ಅವು 200ಕ್ಕಿಂತ ಕೆಳಗಿಳಿದರೆ ಸಾಮಾನ್ಯರಿಗೆ ತಟ್ಟದ ಸೋಂಕುಗಳೂ ಪ್ರಾಣಾಂತಿಕವಾಗುತ್ತವೆ. ಅದೇ ಹೊತ್ತಿಗೆ ಸಿಡಿ8 ಕಣಗಳು ಹೆಚ್ಚಿದ್ದರೆ ಒಟ್ಟು ಲಿಂಫೋಸೈಟ್ ಎಣಿಕೆ ಬಹುಕಾಲ ಸಹಜ ಮಿತಿಯೊಳಗೇ ಉಳಿಯಬಹುದು. ಸಿಡಿ4 ಸಂಖ್ಯೆ ಬೇಕೆಂದರೆ ಫ್ಲೋ ಸೈಟೋಮೆಟ್ರಿ ಎಂಬ ಬೇರೆ ಪರೀಕ್ಷೆಯನ್ನೇ ಮಾಡಿಸಬೇಕು. ಡಿಸಿ ಅದಕ್ಕೆ ಬದಲಿಯಲ್ಲ. ಜೊತೆಗೆ ಇನ್ನೊಂದು ಸಂಗತಿಯನ್ನು ನೆನಪಿಡಬೇಕು: ದೇಹದ ಒಟ್ಟು ಲಿಂಫೋಸೈಟ್‌ಗಳಲ್ಲಿ ಯಾವುದೇ ಗಳಿಗೆಯಲ್ಲಿ ರಕ್ತದಲ್ಲಿರುವುದು ಶೇಕಡಾ 2ರ ಆಸುಪಾಸು ಮಾತ್ರ. ಉಳಿದವು ದುಗ್ಧಗ್ರಂಥಿಗಳಲ್ಲಿ, ಗುಲ್ಮದಲ್ಲಿ, ಮಜ್ಜೆಯಲ್ಲಿ, ಕರುಳಿನ ಗೋಡೆಯಲ್ಲಿ ಇರುತ್ತವೆ. ಹೆದ್ದಾರಿಯಲ್ಲಿ ಹೋಗುವ ವಾಹನಗಳನ್ನು ಎಣಿಸಿ ಊರಿನ ಜನಸಂಖ್ಯೆಯನ್ನು ಹೇಳಿದ ಹಾಗೆ, ಈ ಎಣಿಕೆಯಿಂದ ಇಡೀ ಪಡೆಯ ಲೆಕ್ಕವನ್ನು ಹೇಳಲು ಹೊರಟರೆ ಎಡವುತ್ತೇವೆ.

ನಾಯಿಕೆಮ್ಮು ಇದಕ್ಕೆ ಒಂದು ಸ್ವಾರಸ್ಯಕರ ಸಾಕ್ಷಿ. ಬ್ಯಾಕ್ಟೀರಿಯಾ ಸೋಂಕಾದರೂ ಅದರಲ್ಲಿ ನ್ಯೂಟ್ರೋಫಿಲ್ ಬದಲು ಲಿಂಫೋಸೈಟ್‌ಗಳ ಎಣಿಕೆ ವಿಪರೀತ ಏರುತ್ತದೆ. ದೇಹ ಹೆಚ್ಚು ಸೈನಿಕರನ್ನು ಹುಟ್ಟಿಸಿದ್ದರಿಂದ ಮುಖ್ಯವಾಗಿ ಹೀಗಾಗುವುದಿಲ್ಲ. ಬ್ಯಾಕ್ಟೀರಿಯಾದ ವಿಷವು ಲಿಂಫೋಸೈಟ್‌ಗಳು ರಕ್ತದಿಂದ ದುಗ್ಧಗ್ರಂಥಿಗೆ ಹೋಗುವ ದಾರಿಯನ್ನು ಕೆಡಿಸುವುದರಿಂದ ಅವು ರಕ್ತದಲ್ಲೇ ಸಿಕ್ಕಿಕೊಳ್ಳುತ್ತವೆ. ದೀರ್ಘಕಾಲೀನ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲೂ ಬಿ ಕಣಗಳು ಲೆಕ್ಕ ಮೀರಿ ಇರುತ್ತವೆ, ಆದರೆ ಅವೆಲ್ಲ ಒಂದೇ ಕೆಟ್ಟ ಕಣದ ಸಂತತಿ. ರೋಗಿಯ ಪ್ರತಿಕಾಯಗಳ ಮಟ್ಟ ಹಲವು ವೇಳೆ ಕುಸಿದಿರುತ್ತದೆ, ಸೋಂಕುಗಳು ಹೆಚ್ಚುತ್ತವೆ. ಸಂಖ್ಯೆ ಹೆಚ್ಚಿದ್ದರೆ ರಕ್ಷಣೆ ಹೆಚ್ಚು ಎಂದು ವರದಿಯನ್ನು ಓದುವವರು ಈ ಎರಡು ಪ್ರಸಂಗಗಳನ್ನು ಮರೆಯಬಾರದು.

ಮೊನೋಸೈಟ್ ಸಾಲಿನ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ, ಹೆಚ್ಚು ಉತ್ಸಾಹವೂ ಇಲ್ಲ. ಶೇಕಡಾ 2ರಿಂದ 10ರಷ್ಟಿರುವ, ಲೇಪದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ, ಹುರುಳಿಕಾಳಿನಂತೆ ಬಾಗಿದ ನ್ಯೂಕ್ಲಿಯಸ್ಸಿನೊಂದಿಗೆ ಕಾಣುವ ಈ ಕಣಗಳು ರಕ್ತದಲ್ಲಿ ಕೆಲವು ದಿನಗಳಷ್ಟೇ ಇದ್ದು ಅಂಗಾಂಶಗಳಿಗೆ ಹೋಗಿ ಮ್ಯಾಕ್ರೋಫೇಜ್‌ಗಳಾಗುತ್ತವೆ. ಸತ್ತ ಜೀವಕೋಶಗಳನ್ನು ತೆರವುಗೊಳಿಸುವುದು, ನುಂಗಿದ ಸೂಕ್ಷ್ಮಾಣುವಿನ ತುಣುಕುಗಳನ್ನು ಟಿ ಕಣಗಳ ಮುಂದೆ ಹಿಡಿದು ತೋರಿಸುವುದು, ಗಾಯ ಮಾಯುವಂತೆ ನೆರವಾಗುವುದು ಇವುಗಳ ಕೆಲಸ. ಹೀಗೆ ತೋರಿಸುವ ಕೆಲಸದಲ್ಲಿ ಎಲ್ಲಕ್ಕಿಂತ ನಿಪುಣವಾದ ಡೆಂಡ್ರೈಟಿಕ್ ಕಣವನ್ನು ರಾಲ್ಫ್ ಸ್ಟೈನ್‌ಮನ್ ಅವರು 1973ರಲ್ಲಿ ಗುರುತಿಸಿದರು. ಸಾಮಾನ್ಯ ಡಿಸಿ ವರದಿಯಲ್ಲಿ ಅದಕ್ಕೆ ಸಾಲೇ ಇಲ್ಲ. ಯಕೃತ್ತು, ಮಿದುಳಿನಂಥ ಅಂಗಗಳಲ್ಲಿನ ಬಹಳಷ್ಟು ಮ್ಯಾಕ್ರೋಫೇಜ್‌ಗಳು ಭ್ರೂಣಾವಸ್ಥೆಯಲ್ಲೇ ಅಲ್ಲಿ ನೆಲೆಸಿದವು, ರಕ್ತದ ಮೊನೋಸೈಟ್‌ಗಳಿಂದ ಬಂದವಲ್ಲ. ಆದ್ದರಿಂದ ಈ ಸಾಲು ಅವುಗಳ ಬಗ್ಗೆ ಏನನ್ನೂ ಹೇಳಲಾರದು. ಮೊನೋಸೈಟ್ ಎಣಿಕೆ ತಿಂಗಳುಗಟ್ಟಲೆ ಹೆಚ್ಚಿದ್ದರೆ ಮಾತ್ರ ವೈದ್ಯರು ಅದರ ಬೆನ್ನು ಹತ್ತುತ್ತಾರೆ. ಜ್ವರ ಇಳಿಯುವ ದಿನಗಳಲ್ಲಿ ಸ್ವಲ್ಪ ಏರಿ ಇಳಿಯುವುದು ಸಾಮಾನ್ಯ.

ಇಯೋಸಿನೋಫಿಲ್ ಸಾಲು ಇದಕ್ಕಿಂತ ಉಪಯುಕ್ತ. ಲೇಪದಲ್ಲಿ ಕಿತ್ತಳೆ ಕೆಂಪಿನ ದಪ್ಪ ಹರಳುಗಳಿಂದ ಹೊಳೆಯುವ ಈ ಕಣಗಳು ನುಂಗಲಾಗದಷ್ಟು ದೊಡ್ಡ ಶತ್ರುಗಳ ಮೇಲೆ, ಅಂದರೆ ಜಂತುಹುಳುಗಳ ಮೇಲೆ, ತಮ್ಮ ವಿಷಕಾರಿ ಪ್ರೋಟೀನ್‌ಗಳನ್ನು ಸುರಿಯುತ್ತವೆ. ಅದೇ ಪ್ರೋಟೀನ್‌ಗಳು ಅಸ್ತಮಾದಲ್ಲಿ ಶ್ವಾಸನಾಳದ ಒಳಪದರವನ್ನು ಕೆಡಿಸುತ್ತವೆ. ಮೈಕ್ರೋಲೀಟರಿಗೆ 500ಕ್ಕಿಂತ ಹೆಚ್ಚಾದರೆ ಅಲರ್ಜಿ, ಜಂತು, ಔಷಧದ ಪ್ರತಿಕ್ರಿಯೆ ಎಂಬ ಮೂರು ಕಡೆ ಮೊದಲು ಹುಡುಕಬೇಕು. ಇಂದು ತೀವ್ರ ಅಸ್ತಮಾದ ಕೆಲವು ರೋಗಿಗಳಿಗೆ ಈ ಕಣಗಳ ಬೆಳವಣಿಗೆಗೆ ಬೇಕಾದ ಇಂಟರ್ಲ್ಯೂಕಿನ್ 5 ಎಂಬ ಸಂಕೇತವನ್ನು ತಡೆಯುವ ಚುಚ್ಚುಮದ್ದು ಕೊಡುತ್ತಾರೆ, ಅದನ್ನು ಯಾರಿಗೆ ಕೊಡಬೇಕೆಂಬ ನಿರ್ಧಾರದಲ್ಲಿ ಈ ಎಣಿಕೆಗೆ ನೇರ ಪಾತ್ರವಿದೆ. ಆದರೆ ಸ್ಟಿರಾಯ್ಡ್ ಮಾತ್ರೆ ನುಂಗಿ ಪರೀಕ್ಷೆಗೆ ಹೋದರೆ ಇಯೋಸಿನೋಫಿಲ್‌ಗಳು ರಕ್ತದಿಂದ ಬಹುತೇಕ ಮಾಯವಾಗುತ್ತವೆ. ದಿನದ ವೇಳೆಗೆ ತಕ್ಕಂತೆಯೂ ಎಣಿಕೆ ಬದಲಾಗುತ್ತದೆ: ದೇಹದ್ದೇ ಸ್ಟಿರಾಯ್ಡ್ ಹಾರ್ಮೋನಾದ ಕಾರ್ಟಿಸೋಲ್ ಹೆಚ್ಚಿರುವ ಬೆಳಗಿನ ಹೊತ್ತು ಕಡಿಮೆ, ರಾತ್ರಿ ಹೆಚ್ಚು. ಎರಡು ವರದಿಗಳನ್ನು ಹೋಲಿಸುವಾಗ ರಕ್ತ ಕೊಟ್ಟ ವೇಳೆಯನ್ನೂ ನೋಡಬೇಕೆಂದು ವರದಿಯ ಕೆಳಗೆ ಒಂದು ಸಾಲು ಬರೆದರೆ ಎಷ್ಟೋ ಗೊಂದಲ ತಪ್ಪೀತು.

ಬೇಸೋಫಿಲ್ ಶೇಕಡಾ 1ಕ್ಕಿಂತ ಕಡಿಮೆ. ಹಿಸ್ಟಮಿನ್ ತುಂಬಿದ ಹರಳುಗಳಿರುವ ಈ ಕಣಗಳು ಅಲರ್ಜಿಯ ಪ್ರತಿಕ್ರಿಯೆಯಲ್ಲಿ ಪಾಲ್ಗೊಳ್ಳುತ್ತವೆ. ವರದಿಯಲ್ಲಿ ಸೊನ್ನೆ ಬಂದರೆ ಚಿಂತಿಸಬೇಕಾಗಿಲ್ಲ. ಬಿಡದೆ ಹೆಚ್ಚಿದ್ದರೆ ಮಜ್ಜೆಯ ಕಾಯಿಲೆಯ, ಮುಖ್ಯವಾಗಿ ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾದ ಸುಳಿವಾಗಬಹುದು.

ಈಗ ಶೇಕಡಾವಾರಿನ ದೋಷಕ್ಕೆ ಬರೋಣ. ಒಬ್ಬರ ಒಟ್ಟು ಎಣಿಕೆ 2,000, ಅದರಲ್ಲಿ ನ್ಯೂಟ್ರೋಫಿಲ್ ಶೇಕಡಾ 30, ಲಿಂಫೋಸೈಟ್ ಶೇಕಡಾ 60 ಎಂದು ವರದಿ ಬಂದಿದೆಯೆನ್ನೋಣ. ವರದಿಯು ಲಿಂಫೋಸೈಟ್ ಸಾಲನ್ನು ದಪ್ಪ ಅಕ್ಷರದಲ್ಲಿ "ಹೆಚ್ಚು" ಎಂದು ಗುರುತಿಸುತ್ತದೆ, ಮನೆಯವರು ಲಿಂಫೋಸೈಟ್ ಏಕೆ ಹೆಚ್ಚಾಯಿತೆಂದು ಹುಡುಕಾಡುತ್ತಾರೆ. ಲೆಕ್ಕ ಹಾಕಿದರೆ ಲಿಂಫೋಸೈಟ್‌ಗಳು 1,200, ಅದು ವಯಸ್ಕರಿಗೆ ಸಹಜ ಮಿತಿಯೊಳಗೇ ಇದೆ. ಅಪಾಯ ಇರುವುದು 600ಕ್ಕೆ ಇಳಿದಿರುವ ನ್ಯೂಟ್ರೋಫಿಲ್‌ಗಳಲ್ಲಿ. ಇನ್ನೊಬ್ಬರ ಒಟ್ಟು ಎಣಿಕೆ 4,000, ಇಯೋಸಿನೋಫಿಲ್ ಶೇಕಡಾ 12. ಇದೂ "ಹೆಚ್ಚು" ಎಂದು ಮುದ್ರಣವಾಗುತ್ತದೆ, ಆದರೆ ನಿಜ ಸಂಖ್ಯೆ 480, ಮಿತಿಯೊಳಗಿನದು. ಒಂದು ಬಗೆ ಕಡಿಮೆಯಾದಾಗ ಉಳಿದವುಗಳ ಶೇಕಡಾವಾರು ತಾನಾಗಿಯೇ ಏರಬೇಕು, ಬೇರೆ ದಾರಿಯೇ ಇಲ್ಲ. ಪ್ರತಿ ಬಗೆಯ ನಿಜ ಸಂಖ್ಯೆಯನ್ನು, ಪ್ರಯೋಗಾಲಯದ ಭಾಷೆಯಲ್ಲಿ ಅಬ್ಸೊಲ್ಯೂಟ್ ಕೌಂಟ್ ಅನ್ನು, ಯಂತ್ರ ಹೇಗೂ ಲೆಕ್ಕ ಹಾಕಿಯೇ ಇಟ್ಟಿರುತ್ತದೆ. ಅದನ್ನು ಮುದ್ರಿಸದಿರುವುದಕ್ಕೆ ಅಭ್ಯಾಸಬಲವಲ್ಲದೆ ಬೇರೆ ಕಾರಣ ನನಗೆ ಕಾಣುವುದಿಲ್ಲ. ಅದಿಲ್ಲದ ವರದಿ ಕೈಗೆ ಬಂದರೆ ಒಟ್ಟು ಸಂಖ್ಯೆಯನ್ನು ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿದರೆ ಸಾಕು.

ಹೋಲಿಕೆಗೆಂದು ಪಕ್ಕದಲ್ಲಿ ಮುದ್ರಿಸುವ ಸಹಜ ಮಿತಿಗಳೂ ಎಲ್ಲರಿಗೂ ಒಂದೇ ಅಲ್ಲ. ಪುಟ್ಟ ಮಕ್ಕಳಲ್ಲಿ ಸುಮಾರು ನಾಲ್ಕೈದು ವರ್ಷದವರೆಗೆ ಲಿಂಫೋಸೈಟ್‌ಗಳೇ ಬಹುಮತದಲ್ಲಿರುತ್ತವೆ. ವಯಸ್ಕರ ಮಿತಿಯನ್ನೇ ಮುದ್ರಿಸಿಕೊಟ್ಟರೆ ಆರೋಗ್ಯವಂತ ಮಗುವಿನ ವರದಿಯೂ ಕೆಂಪು ಗುರುತುಗಳಿಂದ ತುಂಬಿಹೋಗುತ್ತದೆ. ಗರ್ಭಿಣಿಯರಲ್ಲಿ ಒಟ್ಟು ಎಣಿಕೆ ಸಹಜವಾಗಿ ಏರುತ್ತದೆ. ಆಫ್ರಿಕಾ ಮತ್ತು ಅರಬ್ ಮೂಲದ ಅನೇಕರಲ್ಲಿ, ಡಫಿ ಎಂಬ ರಕ್ತಗುಂಪಿನ ಒಂದು ಆನುವಂಶಿಕ ಭೇದದಿಂದಾಗಿ, ನ್ಯೂಟ್ರೋಫಿಲ್ ಎಣಿಕೆ 1,500ಕ್ಕಿಂತ ಕಡಿಮೆಯಿದ್ದರೂ ಸೋಂಕಿನ ಅಪಾಯ ಹೆಚ್ಚಿರುವುದಿಲ್ಲ. ವಯಸ್ಸು, ಗರ್ಭಾವಸ್ಥೆಗಳಿಗೆ ತಕ್ಕ ಮಿತಿಯನ್ನು ಮುದ್ರಿಸುವ ಪ್ರಯೋಗಾಲಯಕ್ಕೆ ಅಷ್ಟರ ಮಟ್ಟಿಗೆ ಹೆಚ್ಚು ಅಂಕ ಸಲ್ಲಬೇಕು.

ಯಂತ್ರವೋ ಕಣ್ಣೋ ಎಂಬ ಪ್ರಶ್ನೆಗೆ ನನ್ನ ಉತ್ತರ ಎರಡೂ, ಆದರೆ ಬೇರೆ ಬೇರೆ ಕೆಲಸಕ್ಕೆ. ಎಣಿಸುವುದರಲ್ಲಿ ಯಂತ್ರವೇ ಮೇಲು. ಗಾಜಿನ ಪಟ್ಟಿಯ ಮೇಲೆ ಲೇಪ ಮಾಡಿ, ಲೀಶ್ಮನ್ ಅಥವಾ ರೈಟ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೂರು ಕಣಗಳನ್ನು ನೋಡಿ ಬರೆಯುವ ಸಾಂಪ್ರದಾಯಿಕ ವಿಧಾನದಲ್ಲಿ ತಂತ್ರಜ್ಞರು ಎಷ್ಟೇ ಎಚ್ಚರದಿಂದಿದ್ದರೂ ಅದೃಷ್ಟದ ಆಟ ತಪ್ಪದು: ನೂರು ಕಣಗಳಲ್ಲಿ 5 ಇಯೋಸಿನೋಫಿಲ್ ಸಿಕ್ಕರೆ ನಿಜವಾದ ಪ್ರಮಾಣ ಸುಮಾರು 2ರಿಂದ 11ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಸೋಮವಾರ 4, ಗುರುವಾರ 8 ಎಂದು ಬಂದ ಕೈಯೆಣಿಕೆಗಳನ್ನು ಹಿಡಿದು ಕಾಯಿಲೆ ಇಮ್ಮಡಿಯಾಯಿತೆಂದು ಹೆದರುವುದರಲ್ಲಿ ಅರ್ಥವಿಲ್ಲ. ಆದರೆ ವಿಚಿತ್ರ ಕಣವನ್ನು ಗುರುತಿಸುವುದರಲ್ಲಿ ಕಣ್ಣೇ ಮೇಲು. ಲ್ಯುಕೇಮಿಯಾದ ಬ್ಲಾಸ್ಟ್ ಎಂಬ ಅಪಕ್ವ ಕಣಗಳನ್ನು ಯಂತ್ರ ಕೆಲವೊಮ್ಮೆ ಮೊನೋಸೈಟ್ ಅಥವಾ ಲಿಂಫೋಸೈಟ್ ಗುಂಪಿಗೆ ಸೇರಿಸಿಬಿಡುತ್ತದೆ. ನವಜಾತ ಶಿಶುವಿನ ರಕ್ತದಲ್ಲಿರುವ ನ್ಯೂಕ್ಲಿಯಸ್ ಉಳ್ಳ ಕೆಂಪು ಕಣಗಳನ್ನೂ, ಗುಂಪುಗಟ್ಟಿದ ಪ್ಲೇಟ್‌ಲೆಟ್‌ಗಳನ್ನೂ ಕೆಲವು ಯಂತ್ರಗಳು ಬಿಳಿ ಕಣಗಳೆಂದು ಎಣಿಸುವುದುಂಟು. ಒಳ್ಳೆಯ ಯಂತ್ರ ಅನುಮಾನ ಬಂದಾಗ ಎಚ್ಚರಿಕೆಯ ಗುರುತು ಹಾಕುತ್ತದೆ; ಒಳ್ಳೆಯ ಪ್ರಯೋಗಾಲಯ ಆ ಗುರುತನ್ನು ಕಂಡಾಗ ಲೇಪ ಮಾಡಿ ನೋಡಿ, ವರದಿಯಲ್ಲಿ ಒಂದೆರಡು ವಾಕ್ಯ ಬರೆಯುತ್ತದೆ. ಪ್ರಯೋಗಾಲಯವನ್ನು ಆರಿಸುವಾಗ ನಾನು ಯಂತ್ರದ ಹೆಸರಿಗಿಂತ ಈ ಒಂದೆರಡು ವಾಕ್ಯಗಳಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಮಾದರಿಯನ್ನು ದೂರದ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆಯಿದ್ದರೆ ಇನ್ನೂ ಒಂದು ತೊಡಕು: ಇಡಿಟಿಎ ಟ್ಯೂಬಿನಲ್ಲಿ ಹೆಚ್ಚು ಹೊತ್ತು ಕುಳಿತ ರಕ್ತದಲ್ಲಿ ಕಣಗಳ ರೂಪ ಕೆಡುತ್ತದೆ, ಆದ್ದರಿಂದ ಲೇಪವನ್ನು ಕೆಲವೇ ಗಂಟೆಗಳೊಳಗೆ ಮಾಡಿರಬೇಕು.

ಯಾರಿಗೆ ಈ ಸೇವೆಯನ್ನು ಶಿಫಾರಸು ಮಾಡಬಹುದು? ಜ್ವರದ ಕಾರಣ ಹುಡುಕುತ್ತಿರುವವರಿಗೆ, ಮಜ್ಜೆಗೆ ತಟ್ಟಬಹುದಾದ ಔಷಧ ಸೇವಿಸುತ್ತಿರುವವರಿಗೆ, ತೂಕ ಇಳಿಕೆ, ಗ್ರಂಥಿಗಳ ಊತ, ಕಾರಣವಿಲ್ಲದ ರಕ್ತಸ್ರಾವ ಇರುವವರಿಗೆ ನಿಸ್ಸಂಕೋಚವಾಗಿ. ಯಾವ ತೊಂದರೆಯೂ ಇಲ್ಲದೆ, ರೋಗನಿರೋಧಕ ಶಕ್ತಿ ಎಷ್ಟಿದೆಯೆಂದು ತಿಳಿಯುವ ಕುತೂಹಲಕ್ಕೆ ಮಾಡಿಸಿಕೊಳ್ಳುವವರಿಗೆ ನನ್ನ ಶಿಫಾರಸು ಇಲ್ಲ. ಲಸಿಕೆಯ ನೆನಪನ್ನು ಹೊತ್ತ ಬಿ ಮತ್ತು ಟಿ ಕಣಗಳು ಯಾವುವು, ಪ್ರತಿಕಾಯಗಳು ಎಷ್ಟಿವೆ, ನ್ಯೂಟ್ರೋಫಿಲ್ ಕೊಲ್ಲಬಲ್ಲದೇ ಎಂಬ ಯಾವ ಪ್ರಶ್ನೆಗೂ ಟಿಸಿ, ಡಿಸಿಯಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಗಳಿಗೆ ಬೇರೆ ಪರೀಕ್ಷೆಗಳಿವೆ, ಅವನ್ನು ಸೋಂಕುಗಳ ಚರಿತ್ರೆಯನ್ನು ನೋಡಿ ವೈದ್ಯರು ಆರಿಸಬೇಕು. ಮತ್ತೆ ಮತ್ತೆ ನ್ಯುಮೋನಿಯಾ, ಕಿವಿಯ ಸೋಂಕು ಆಗುತ್ತಿದ್ದರೆ ಇಮ್ಯುನೋಗ್ಲೋಬುಲಿನ್, ಅಂದರೆ ಪ್ರತಿಕಾಯಗಳ, ಮಟ್ಟವನ್ನು ಅಳೆಯುತ್ತಾರೆ. ವೈರಸ್, ಶಿಲೀಂಧ್ರದ ಸೋಂಕುಗಳು ಕಾಡುತ್ತಿದ್ದರೆ ಫ್ಲೋ ಸೈಟೋಮೆಟ್ರಿಯಿಂದ ಟಿ, ಬಿ, ಎನ್‌ಕೆ ಕಣಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ಆಳದ ಕೀವುಗುಳ್ಳೆಗಳು ಮರುಕಳಿಸುತ್ತಿದ್ದರೆ ಡಿಎಚ್‌ಆರ್ ಎಂಬ ಪರೀಕ್ಷೆಯಲ್ಲಿ ನ್ಯೂಟ್ರೋಫಿಲ್‌ಗಳನ್ನು ಪ್ರಚೋದಿಸಿ, ಅವು ಆಮ್ಲಜನಕದ ರಾಸಾಯನಿಕಗಳನ್ನು ತಯಾರಿಸುತ್ತವೆಯೇ ಎಂಬುದನ್ನು ಬಣ್ಣವೊಂದರ ಹೊಳಪಿನಿಂದ ನೇರವಾಗಿ ನೋಡುತ್ತಾರೆ. ಈ ಕೊನೆಯ ಪರೀಕ್ಷೆಗೆ ರಕ್ತ ತಾಜಾ ಇರಬೇಕು, ಕಣಗಳು ಜೀವಂತವಾಗಿರಬೇಕು. ಹೋಲಿಕೆಗಾಗಿ ಆರೋಗ್ಯವಂತರೊಬ್ಬರ ರಕ್ತವನ್ನೂ ಅದೇ ಹೊತ್ತಿಗೆ ತೆಗೆದು ಜೊತೆಯಲ್ಲೇ ಕಳಿಸುವುದು ವಾಡಿಕೆ.